ಕೆರೆಯಂಗಳದ ಜಾಲಿ, ಸಣ್ಣ ಟ್ರ್ಯಾಕ್ಟರ್ ಮತ್ತು ಊರಿನ ಸೌದೆ

(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಬಯಲುಸೀಮೆಯ ಹಲವು ಕೆರೆಗಳಲ್ಲಿ ಇಂದು ನೀರಿಗಿಂತ ಬಳ್ಳಾರಿ ಜಾಲಿಯೇ ಹೆಚ್ಚು ಜಾಗ ಹಿಡಿದಿದೆ. ಮಧ್ಯ ಹಾಗೂ ದಕ್ಷಿಣ ಅಮೆರಿಕ ಮೂಲದ ಈ ಮರ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿತು. ಬಂಜರು ನೆಲಕ್ಕೆ ಹಸಿರು, ಬಡವರ ಒಲೆಗೆ ಸೌದೆ ಒದಗಲೆಂದು ಇದನ್ನು ಬೆಳೆಸಲಾಯಿತು. ದನ, ಕುರಿ, ಮೇಕೆಗಳು ಸಿಹಿಯಾದ ಕಾಯಿಯನ್ನು ತಿಂದು ಸಗಣಿ ಹಿಕ್ಕೆಗಳ ಮೂಲಕ ಬೀಜವನ್ನು ಹರಡಿದವು. ಕಾಲುವೆ ಕಟ್ಟಿತು, ಅಂಗಳ ಪೊದೆಯಾಯಿತು. ಆದರೂ ಈ ಮರದ ಕಟ್ಟಿಗೆ ಗಟ್ಟಿಯಾದುದು, ನಿಧಾನವಾಗಿ ಉರಿಯುವಂಥದು, ಇದ್ದಿಲಿಗೂ ಒದಗುವಂಥದು. ಇಂದಿಗೂ ಅನೇಕ ಮನೆಗಳ ಒಲೆ ಉರಿಯುತ್ತಿರುವುದು ಮಹಿಳೆಯರು ತಲೆಯ ಮೇಲೆ ಹೊತ್ತು ತರುವ ಈ ಸೌದೆಯಿಂದಲೇ.

ಆದುದರಿಂದ ಕೆರೆಯನ್ನು ತೆರವುಗೊಳಿಸುವುದೂ ಸೌದೆಯನ್ನು ಒದಗಿಸುವುದೂ ಒಂದೇ ಕೆಲಸದ ಎರಡು ಮುಖಗಳು. ಈ ಕೆಲಸಕ್ಕೆ 18ರಿಂದ 30 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್ ಉಪಯುಕ್ತವಾದುದು. ದೊಡ್ಡ ಯಂತ್ರ ನುಗ್ಗಲಾರದ ಪೊದೆಗಳ ನಡುವೆ ಅದು ಸಾಗುತ್ತದೆ, ಕಡಿಮೆ ಇಂಧನದಲ್ಲಿ ಕೆಲಸ ಮಾಡುತ್ತದೆ. ಕೃಷಿ ಯಂತ್ರೋಪಕರಣಗಳನ್ನು ಬಾಡಿಗೆಗೆ ಒದಗಿಸುವ ಕೃಷಿ ಯಂತ್ರಧಾರೆ ಕೇಂದ್ರಗಳು ರಾಜ್ಯದಲ್ಲಿ 2014-15ರಿಂದ ಕಾರ್ಯನಿರ್ವಹಿಸುತ್ತಿವೆ. ಹೀಗಾಗಿ ಪ್ರತಿ ಪಂಚಾಯಿತಿಯೂ ಯಂತ್ರವನ್ನು ಕೊಳ್ಳಬೇಕೆಂದಿಲ್ಲ. ಆದರೆ ಟ್ರ್ಯಾಕ್ಟರ್ ಸಾಗಿಸುತ್ತದೆಯೇ ಹೊರತು ತೀರ್ಮಾನಿಸುವುದಿಲ್ಲ. ಯಾವ ಮರವನ್ನು ಕಡಿಯಬೇಕು, ಯಂತ್ರವನ್ನು ಹೇಗೆ ನಡೆಸಬೇಕು, ಸೌದೆ ಯಾರಿಗೆ ಸಲ್ಲಬೇಕು ಎಂಬುದನ್ನು ಯಂತ್ರ ಕೆರೆಗೆ ಇಳಿಯುವ ಮೊದಲೇ ಪಂಚಾಯಿತಿ ಠರಾವಿನ ಮೂಲಕ ನಿರ್ಧರಿಸಬೇಕು.

ಯಾವ ಮರ?

ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೂ ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೂ ಬರುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹಾಗೂ ಸಾಗಣೆ ರಹದಾರಿಯ ವಿಷಯದಲ್ಲಿ ವಲಯ ಅರಣ್ಯಾಧಿಕಾರಿಗಳ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯುವುದು ಕ್ಷೇಮಕರ.

ಬಳ್ಳಾರಿ ಜಾಲಿಯ ನಡುವೆ ನಮ್ಮ ನೆಲದ ಕರಿಜಾಲಿಯೂ ಬೆಳೆದಿರುತ್ತದೆ. ಕರಿಜಾಲಿಯ ಹೂವು ಹಳದಿ ಗುಂಡು, ಕಾಯಿ ಮಣಿಸರದಂತೆ. ಬಳ್ಳಾರಿ ಜಾಲಿಯ ಹೂವು ಉದ್ದನೆಯ ತೆನೆಯಂತೆ, ಕಾಯಿ ನೀಳವಾಗಿದ್ದು ಹಣ್ಣಾದಾಗ ಹಳದಿ. ಉಳಿಸಬೇಕಾದ ಮರಗಳಿಗೆ ಮುಂಚಿತವಾಗಿ ಸುಣ್ಣದ ಪಟ್ಟೆ ಬಳಿಯಬೇಕು.

ಬಳ್ಳಾರಿ ಜಾಲಿಯನ್ನು ನೆಲಮಟ್ಟದಲ್ಲಿ ಕಡಿದರೆ ಅದು ಸಾಯುವುದಿಲ್ಲ. ಒಂದು ಕಾಂಡವಿದ್ದ ಕಡೆ ಹತ್ತಾರು ಚಿಗುರೊಡೆದು ಪೊದೆಯಾಗುತ್ತದೆ. ಚಿಗುರುವ ಮೊಗ್ಗುಗಳು ಬುಡದಲ್ಲಿ, ನೆಲದ ಅಡಿಯಲ್ಲಿ ಅಡಗಿರುವುದರಿಂದ ಸುಮಾರು ಒಂದು ಅಡಿ ಆಳದವರೆಗಿನ ಬೊಡ್ಡೆಯನ್ನೇ ತೆಗೆಯಬೇಕು. ಕೆರೆಯಂಗಳ ಹಾಗೂ ಕಾಲುವೆಗಳಲ್ಲಿ ಇದೇ ನಿಯಮ. ಏರಿಯ ಮೇಲಿನ ಮರದ ಮಾತು ಬೇರೆ. ಅಲ್ಲಿ ಬೇರು ಕಿತ್ತ ಗುಂಡಿಯಿಂದ ನೀರು ಜಿನುಗಿ ಏರಿಗೇ ಅಪಾಯವಾಗಬಹುದು. ಎಂಜಿನಿಯರರ ಸಲಹೆಯಿಲ್ಲದೆ ಏರಿಯ ಬೇರನ್ನು ಕೀಳಬಾರದು.

ಹೇಗೆ ನಡೆಸಬೇಕು?

ಸಣ್ಣ ಟ್ರ್ಯಾಕ್ಟರಿನ ಕೆಲಸ ಕಡಿದ ಕಟ್ಟಿಗೆಯನ್ನು ಎಳೆಯುವುದು, ಕೊಯ್ಯುವುದು ಮತ್ತು ಸಾಗಿಸುವುದು. ಬಲಿತ ಬೊಡ್ಡೆ ಕೀಳುವುದು ಅದರ ಕೆಲಸವಲ್ಲ, ಅದನ್ನು ಜೆಸಿಬಿಗೆ ಬಿಡಬೇಕು. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಬಿಗಿದು ಬೊಡ್ಡೆಯನ್ನು ಜಗ್ಗಿದಾಗ ಬೊಡ್ಡೆ ಅಲುಗದಿದ್ದರೆ ಚಕ್ರದ ಬಲವೆಲ್ಲ ಟ್ರ್ಯಾಕ್ಟರಿನ ಮೂತಿಯನ್ನು ಎತ್ತುತ್ತದೆ. ಎರಡು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಯಂತ್ರ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳಬಹುದು. ಕ್ಲಚ್ ಒತ್ತುವಷ್ಟೂ ಸಮಯ ದೊರೆಯದು. ಆದ್ದರಿಂದ ಎಳೆಯುವ ಸರಪಳಿಯನ್ನು ಸದಾ ಕೆಳಗಿನ ಡ್ರಾಬಾರಿಗೇ ಬಿಗಿಯಬೇಕು. ಹೊರೆ ಸಣ್ಣದಿರಬೇಕು, ಜಗ್ಗದೆ ನಿಧಾನವಾಗಿ ಎಳೆಯಬೇಕು. ಮಗುಚಿದಾಗ ಚಾಲಕನನ್ನು ಕಾಯುವ ರಕ್ಷಣಾ ಚೌಕಟ್ಟು ಹಾಗೂ ಸೀಟ್ ಬೆಲ್ಟ್ ಇರುವ ಯಂತ್ರವನ್ನೇ ಬಾಡಿಗೆಗೆ ಪಡೆಯುವುದು ಒಳಿತು. ಏರಿಯ ಇಳಿಜಾರಿನಲ್ಲಿ ಅಡ್ಡಲಾಗಿ ಓಡಿಸಲೇಬಾರದು.

ಗರಗಸವನ್ನು ತಿರುಗಿಸುವ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಸೀರೆಯ ಸೆರಗು, ವೇಲು, ಹೆಗಲ ಟವೆಲು ಒಮ್ಮೆ ಸಿಲುಕಿದರೆ ಬಿಡಿಸಿಕೊಳ್ಳಲು ಅವಕಾಶವಿರುವುದಿಲ್ಲ. ದಂಡಕ್ಕೂ ಗರಗಸಕ್ಕೂ ಕವಚವಿಲ್ಲದ ಉಪಕರಣವನ್ನು ಅಂಗಳಕ್ಕೆ ಇಳಿಸಬಾರದು. ಎಂಜಿನ್ ನಿಲ್ಲಿಸದೆ ಸಿಕ್ಕಿದ ಕಟ್ಟಿಗೆಯನ್ನು ಬಿಡಿಸಬಾರದು.

ಬ್ರೇಕಿಲ್ಲದ ಟ್ರೈಲರ್ ಮತ್ತು ಅದರ ಹೊರೆ ಸೇರಿ ಟ್ರ್ಯಾಕ್ಟರಿನ ತೂಕವನ್ನು ಮೀರಬಾರದು. ಮೀರಿದರೆ ಇಳಿಜಾರಿನಲ್ಲಿ ಹೊರೆಯೇ ಯಂತ್ರವನ್ನು ತಳ್ಳುತ್ತದೆ. ಒಮ್ಮೆಗೆ 500 ಕಿಲೊ ಸೌದೆ ಸಾಗಿಸಿದರೂ 25 ಕಿಲೊಗಳ 20 ತಲೆಹೊರೆ ಇಳಿದಂತೆ. ಅತಿಯಾಸೆಯ ಅಗತ್ಯವಿಲ್ಲ. ಹೊರೆಯ ಮೇಲೆ ಜನರನ್ನು ಕೂರಿಸಬಾರದು. ಜಾಲಿಯ ಮುಳ್ಳು ಟೈರನ್ನೂ ತೂರುವುದರಿಂದ ಮುಳ್ಳುಕೊಂಬೆಗಳನ್ನು ಮೊದಲು ಸವರಿ ದಾರಿ ಬಿಡಿಸಬೇಕು. ಅಂಗಳ ಒಣಗಿದ ಬೇಸಿಗೆಯಲ್ಲಿ, ಕಾಯಿ ಉದುರುವ ಮುನ್ನ ಕೆಲಸ ಮುಗಿಯಬೇಕು. ಕಾಯಿಯಿರುವ ಕೊಂಬೆಗಳು ಹೊರೆಯಲ್ಲಿ ಸೇರಿದರೆ ದಾರಿಯುದ್ದಕ್ಕೂ ಬೀಜ ಬಿತ್ತಿದಂತಾಗುತ್ತದೆ.

ಸೌದೆ ಯಾರಿಗೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕೆರೆಯಂಗಳದ ಜಾಲಿಯನ್ನೆಲ್ಲ ಒಂದೇ ಹರಾಜಿನಲ್ಲಿ ಇದ್ದಿಲು ವ್ಯಾಪಾರಿಗೆ ಒಪ್ಪಿಸುವುದು ಸುಲಭ. ಪಂಚಾಯಿತಿ ನಿಧಿಗೆ ಹಣ ಬರುತ್ತದೆ, ಕೆರೆಯೂ ತೆರವಾಗುತ್ತದೆ. ಆದರೆ ನಿನ್ನೆಯವರೆಗೆ ಅಲ್ಲಿಂದಲೇ ಒಲೆ ಹಚ್ಚುತ್ತಿದ್ದ ಮಹಿಳೆ ನಾಳೆ ಮತ್ತಷ್ಟು ದೂರ ನಡೆಯಬೇಕಾಗುತ್ತದೆ. ಕೆರೆಗೆ ನೀರು ಬರುವುದು ಊರಿಗೆಲ್ಲ ಲಾಭ, ಸೌದೆ ಹೋಗುವುದು ಕೆಲವೇ ಮನೆಗಳಿಗೆ ನಷ್ಟ. ಆ ಮನೆಗಳ ಧ್ವನಿ ಗ್ರಾಮಸಭೆಯಲ್ಲಿ ಸಾಮಾನ್ಯವಾಗಿ ಕೇಳಿಬರುವುದಿಲ್ಲ.

ಹೀಗಾಗಿ ಹರಾಜಿಗೆ ಮೊದಲು ಸೌದೆಯನ್ನು ನೆಚ್ಚಿರುವ ಮನೆಗಳ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಸಿದ್ಧಪಡಿಸಬೇಕು. ಅವುಗಳ ಪಾಲನ್ನು ಮನೆಯ ಬಳಿಗೆ ತಲುಪಿಸಿದ ನಂತರ ಉಳಿದುದನ್ನು ಹರಾಜು ಹಾಕಬೇಕು. ಅಳತೆ ಹಾಗೂ ವಿತರಣೆಯ ಹೊಣೆಯನ್ನು ಮಹಿಳಾ ಸ್ವಸಹಾಯ ಸಂಘಕ್ಕೆ ವಹಿಸಬಹುದು. ಮುಂದಿನ ವರ್ಷಗಳ ಸೌದೆಗಾಗಿ ಕೆರೆ ಕಾಲುವೆಗಳಿಂದ ದೂರದ, ಜಾಲಿ ಈಗಾಗಲೇ ಬೆಳೆದಿರುವ ಪಂಚಾಯಿತಿ ಜಾಗವೊಂದನ್ನು ಗುರುತಿಸಬೇಕು. ಕೆರೆಯಲ್ಲಿ ಶತ್ರುವಾಗಿದ್ದ ಚಿಗುರುವ ಗುಣ ಅಲ್ಲಿ ಉಪಕಾರಿಯಾಗುತ್ತದೆ: ನೆಲಮಟ್ಟದಲ್ಲಿ ಕಡಿದು, ಒಂದೆರಡು ಚಿಗುರನ್ನು ಮಾತ್ರ ಬಿಟ್ಟರೆ ಅದೇ ಬುಡ ಮತ್ತೆ ಸೌದೆ ಕೊಡುತ್ತದೆ. ಆದರೆ ಕಾಯಿ ತಿನ್ನಲು ಜಾನುವಾರು ನುಗ್ಗದಂತೆ ಬೇಲಿಯಿರಬೇಕು.

ಹಸಿ ಸೌದೆಯನ್ನು ಹಂಚುವುದೆಂದರೆ ಹೊಗೆಯನ್ನು ಹಂಚಿದಂತೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದ ಆಸುಪಾಸು ನೀರೇ ಇರಬಹುದು. ಬೆಂಕಿಯ ಶಾಖದ ಒಂದು ಪಾಲು ಆ ನೀರನ್ನು ಆವಿ ಮಾಡುವುದರಲ್ಲೇ ವ್ಯಯವಾಗಿ, ಅಡುಗೆ ಮಾಡುವವರ ಕಣ್ಣಿಗೂ ಶ್ವಾಸಕೋಶಕ್ಕೂ ಹೊಗೆ ಉಳಿಯುತ್ತದೆ. ಸೌದೆಯನ್ನು ಸೀಳಿ, ನೆಲಕ್ಕೆ ತಾಗದಂತೆ ಅಡ್ಡದಿಮ್ಮಿಗಳ ಮೇಲೆ ಒಟ್ಟಿ, ಮೇಲೆ ಮಾತ್ರ ಮರೆ ಮಾಡಿ, ಪಕ್ಕಗಳಲ್ಲಿ ಗಾಳಿಯಾಡುವಂತೆ ಕೆಲವು ತಿಂಗಳು ಒಣಗಿಸಬೇಕು.

ಯಂತ್ರದ ಬಾಡಿಗೆಯನ್ನು ಯಾವ ಅನುದಾನದಿಂದ ಭರಿಸಲಾಗುವುದೋ ಅದರ ಮಾರ್ಗಸೂಚಿ ಯಂತ್ರ ಬಳಕೆಗೆ ಅವಕಾಶ ನೀಡಿದೆಯೇ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೊಂದಿಗೆ ಪರಿಶೀಲಿಸಿಯೇ ಮುಂದುವರಿಯತಕ್ಕದ್ದು. ಮುಂದಿನ ಗ್ರಾಮಸಭೆಯಲ್ಲಿ ಜಾಲಿಯ ವಿಷಯ ಬಂದಾಗ ಹರಾಜಿನ ಮೊತ್ತಕ್ಕಿಂತ ಮೊದಲು ಮನೆಗಳ ಪಟ್ಟಿ ಸಭೆಯ ಮುಂದಿರಲಿ. ಆ ಪಟ್ಟಿಯಲ್ಲಿರುವ ಮಹಿಳೆಯರೂ ಸಭೆಯಲ್ಲಿರಲಿ.