ಸಿಕ್ಕಿಕೊಂಡ ತೋಟಾ

(ನಮ್ಮ ಶಾಲೆಯ ವಾರ್ಷಿಕೋತ್ಸವದ ಅಂಗವಾಗಿ ಏರ್ಪಟ್ಟ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸರಸ್ವತಿಯ ಮಂದಿರದಲ್ಲಿ ಪಿಸ್ತೂಲಿನ ಮಾತೇಕೆಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ನಾನು ಹೇಳಹೊರಟಿರುವುದು ಕಾದಾಟದ ಆಯುಧದ ವಿಷಯವನ್ನಲ್ಲ. 25 ಮೀಟರು ದೂರದ ಗುರಿಗೆ ಹೊಡೆಯುವ ಕ್ರೀಡಾಸಾಧನದ ವಿಷಯವನ್ನು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಸೈನ್ಯದ ವಿಜಯ ಕುಮಾರರು ಬೆಳ್ಳಿಯ ಪದಕ ಗೆದ್ದದ್ದು ಇಂಥ ಪಿಸ್ತೂಲಿನಿಂದಲೇ. ಆ ಸ್ಪರ್ಧೆಯಲ್ಲಿ ಐದು ಗುಂಡುಗಳನ್ನು ಮೊದಲು 8, ಆಮೇಲೆ 6, ಕೊನೆಗೆ ಬರಿಯ 4 ಸೆಕೆಂಡುಗಳಲ್ಲಿ ಹಾರಿಸಬೇಕು. ನಡುವೆ ತೋಟಾ ಸಿಕ್ಕಿಕೊಂಡರೆ ಗತಿಯೇನು? ಇದೇ ಇಂದಿನ ನನ್ನ ವಿಷಯ.

ಈ ಶಾಲೆಯಲ್ಲಿ ಓದಿ, ಎನ್.ಸಿ.ಸಿ.ಯಲ್ಲಿ ಮೊದಲು ರೈಫಲು ಹಿಡಿದು, ಈಗ ಕಾಲೇಜಿನಲ್ಲಿರುವ ನನ್ನ ಶಿಷ್ಯೆಯೊಬ್ಬಳು ದೀಪಾವಳಿಯ ರಜೆಯಲ್ಲಿ ಮನೆಗೆ ಬಂದಿದ್ದಳು. ಮುಖ ಬಾಡಿತ್ತು. ಸ್ಪರ್ಧೆಯ ನಡುವೆ ಕ್ಲಬ್ಬಿನ ಪಿಸ್ತೂಲು ಸಿಕ್ಕಿಕೊಂಡಿತಂತೆ. ಗಾಬರಿಯಿಂದ ತಾನೇ ಅದನ್ನು ಎಳೆದು ತೆರೆದುಬಿಟ್ಟಳಂತೆ. ಹಾಗೆ ತೆರೆದರೆ ದೋಷಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ ಎಂಬುದು ಸ್ಪರ್ಧೆಯ ನಿಯಮ. ಪಿಸ್ತೂಲನ್ನು ಗುರಿಯತ್ತಲೇ ಹಿಡಿದು, ಬಿಡುವಾದ ಕೈಯನ್ನೆತ್ತಿ ಅಧಿಕಾರಿಯನ್ನು ಕರೆಯಬೇಕಾಗಿತ್ತು. ಹೋದ ಅಂಕಗಳು ಹೋದವು.

“ಸಾರ್, ಇದು ಮೂರನೆಯ ಸಲ. ನನ್ನ ಕೈಗುಣವೇ ಸರಿಯಿಲ್ಲ. ಬಿಟ್ಟುಬಿಡುತ್ತೇನೆ” ಎಂದಳು.

“ಎಷ್ಟನೆಯ ಗುಂಡಿಗೆ ನಿಂತಿತಮ್ಮಾ? ಸಿಕ್ಕಿಕೊಂಡದ್ದು ಹೊಸ ತೋಟಾವೋ, ಸುಟ್ಟ ಖಾಲಿ ಕೊಳವೆಯೋ?” ಎಂದು ಕೇಳಿದೆ. ಅವಳಲ್ಲಿ ಉತ್ತರವಿರಲಿಲ್ಲ. “ಹಾಗಾದರೆ ಕೈಗುಣವನ್ನು ದೂರುವುದಕ್ಕೆ ಇನ್ನೂ ಕಾಲ ಬಂದಿಲ್ಲ” ಎಂದೆ.

ಈ ಪಿಸ್ತೂಲಿನ ತೋಟಾದ ಸ್ವಭಾವವನ್ನು ಮೊದಲು ತಿಳಿಯಬೇಕು. ‘ಪಾಯಿಂಟ್ 22 ಲಾಂಗ್ ರೈಫಲ್’ ಎಂಬ ಹೆಸರಿನ ಈ ತೋಟಾ ಅಮೆರಿಕದಲ್ಲಿ 1887ರಲ್ಲಿ ಬಳಕೆಗೆ ಬಂದಿತು. ದೊಡ್ಡ ತೋಟಾಗಳಲ್ಲಿ ಸಿಡಿಮದ್ದು ಬುಡದ ನಡುವಿನಲ್ಲಿರುತ್ತದೆ. ಇದರಲ್ಲಿ ಬುಡದ ಸುತ್ತಲಿನ ಟೊಳ್ಳು ಅಂಚಿನೊಳಗೆ ಇರುತ್ತದೆ. ಬಡಿಮೊಳೆ ಆ ಅಂಚನ್ನು ಜಜ್ಜಿದಾಗ ಬೆಂಕಿ ಹುಟ್ಟುತ್ತದೆ. ಸಿಡಿದ ಅನಿಲ ಮುಂದಕ್ಕೆ ಗುಂಡನ್ನೂ ಹಿಂದಕ್ಕೆ ಖಾಲಿ ಕೊಳವೆಯನ್ನೂ ನೂಕುತ್ತದೆ. ಹಿಂದೆ ಸರಿಯುವ ಸ್ಲೈಡು ಕೊಳವೆಯನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮರಳುವಾಗ ಹೊಸ ತೋಟಾವನ್ನು ಒಳಗೆ ತಳ್ಳುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕು. ಗುಂಡು ಬರಿಯ ಮೃದುವಾದ ಸೀಸದ್ದು. ಮೇಲೆ ಮೇಣದ ಲೇಪ. ಹೊರಚಾಚಿದ ಅಂಚು, ಮೃದುವಾದ ಸೀಸ, ಅಂಟುವ ಮೇಣ, ಮದ್ದಿನ ಮಸಿ — ತೊಡಕಿಗೆ ಇವು ನಾಲ್ಕೂ ಸಾಲದೆ?

ಎಲ್ಲ ತೊಡಕೂ ಒಂದೇ ಬಗೆಯದಲ್ಲ. ಹೊಸ ತೋಟಾದ ಮೂಗು ನಳಿಗೆಯ ಬಾಯಿಗೆ ತಾಗಿ ನಿಂತರೆ ತೋಟಾ ತುಂಬುವ ಮ್ಯಾಗಜಿನ್ನನ್ನು ನೋಡಬೇಕು. (ನಮ್ಮ ವಾರ್ಷಿಕ ಮ್ಯಾಗಜಿನ್ನನ್ನಲ್ಲ!) ಅದರ ತುಟಿ ಬಾಗಿರಬಹುದು, ಇಲ್ಲವೆ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿರಬಹುದು. ಖಾಲಿ ಕೊಳವೆ ಹೊಗೆಗೂಡಿನಂತೆ ನೆಟ್ಟಗೆ ನಿಂತರೆ ಕೊಳವೆಯನ್ನೆಳೆಯುವ ಕೊಕ್ಕೆಯಲ್ಲಿ ಕೊಳೆಯಿರಬಹುದು, ತೋಟಾ ದುರ್ಬಲವಾಗಿರಬಹುದು, ಹಿಡಿತ ಸಡಿಲವಾಗಿರಬಹುದು. ಟಕ್ಕೆಂದು ಸದ್ದಾಗಿಯೂ ಗುಂಡು ಹಾರದಿದ್ದರೆ ಅಂಚಿನ ಗುರುತು ನೋಡಬೇಕು. ಗುರುತು ಆಳವಾಗಿದ್ದರೆ ಸಂದೇಹ ತೋಟಾದ ಮೇಲೆ, ಏಕೆಂದರೆ ಸಿಡಿಮದ್ದು ಅಂಚಿನ ಸುತ್ತಲೂ ಸಮನಾಗಿ ಹರಡಿರಲಾರದು; ಗುರುತು ತೆಳುವಾಗಿದ್ದರೆ ಸಂದೇಹ ಪಿಸ್ತೂಲಿನ ಮೇಲೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಗುಂಡು ಹಾರದಿದ್ದಾಗ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕಡೆಯ ಪಕ್ಷ ಅರ್ಧ ನಿಮಿಷ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಕ್ಷೀಣವಾಗಿ ಬಂದರೆ ಮುಂದಿನ ಗುಂಡನ್ನು ಹಾರಿಸಲೇಬಾರದು. ಮೊದಲಿನದು ನಳಿಗೆಯಲ್ಲೇ ಉಳಿದಿರಬಹುದು.

ಅವಳಿಗೆ ನಾನು ಕೊಟ್ಟದ್ದು ಒಂದು ನೋಟುಪುಸ್ತಕ ಮಾತ್ರ. ಮ್ಯಾಗಜಿನ್ನುಗಳಿಗೆ ಒಂದು, ಎರಡು ಎಂದು ಗುರುತು ಹಾಕು. ಪ್ರತಿ ತೊಡಕನ್ನೂ ಬರೆದಿಡು. ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂದೆ. ದೋಷ ತೋಟಾದ್ದೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಯೂ ಬಿಟ್ಟಿದ್ದೆ. ಅವಳ ಚಿಕ್ಕಪ್ಪನವರು ಇಕ್ಕುಳದಿಂದ ಮ್ಯಾಗಜಿನ್ನಿನ ತುಟಿಯನ್ನು ಒಂದಿಷ್ಟು ಬಗ್ಗಿಸಿದರೆ ಆಯಿತೆಂದರು. ಬೇಡವೆಂದೆ. ಕಾರಣ ತಿಳಿಯುವ ಮೊದಲು ಇಕ್ಕುಳ ಹಿಡಿದರೆ ಇದ್ದ ಒಂದು ದೋಷ ಎರಡಾಗುತ್ತದೆ.

ಎರಡು ತಿಂಗಳ ಬಳಿಕ ಅವಳು ಆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು. ತೊಡಕುಗಳು ಎರಡು ಬಗೆಯವಾಗಿದ್ದವು. ಒಂದು ಬಗೆಯದು ಅಭ್ಯಾಸದ ಕೊನೆಯಲ್ಲಿ ಮಾತ್ರ ಬರುತ್ತಿತ್ತು. ತೋಟಾ ಕೂರುವ ಕೋಣೆಯನ್ನು ಕಂಚಿನ ಬ್ರಷ್ಷಿನಿಂದ ಉಜ್ಜಿ, ಕೊಕ್ಕೆಯ ಸಂದನ್ನು ಬಿಡಿಸಿ, ಹೆಚ್ಚಾಗಿದ್ದ ಎಣ್ಣೆಯನ್ನು ಒರೆಸಿದ ಮೇಲೆ ಅದು ನಿಂತಿತು. ಎಣ್ಣೆ ಹೆಚ್ಚಾದರೆ ಮಸಿಯೊಡನೆ ಸೇರಿ ಕೆಸರಾಗುತ್ತದೆ. ಇನ್ನೊಂದು ಬಗೆಯದು ಯಾವಾಗ ಬೇಕಾದರೂ ಬರುತ್ತಿತ್ತು. ಆದರೆ ಎರಡನೆಯ ಮ್ಯಾಗಜಿನ್ನಿನಿಂದ ಮಾತ್ರ. ತೋಟಾದ ಪೆಟ್ಟಿಗೆ ಬದಲಿಸಿದರೂ ಅದು ಹೋಗಲಿಲ್ಲ. ಆ ಮ್ಯಾಗಜಿನ್ನನ್ನು ಬದಿಗಿಟ್ಟೊಡನೆ ಹೋಯಿತು. ಕ್ಲಬ್ಬಿನ ಆಯುಧ ದುರಸ್ತಿಗಾರರು ನೋಡಿ, ಎಲ್ಲೋ ಬಿದ್ದು ತುಟಿ ಬಾಗಿದೆಯೆಂದರು. ತೋಟಾ ನಿರಪರಾಧಿ, ನನ್ನ ಊಹೆಯೇ ತಪ್ಪಾಗಿತ್ತು. ಅವಳ ಕೈಗುಣದಲ್ಲಂತೂ ಯಾವ ದೋಷವೂ ಇರಲಿಲ್ಲ. ಅವಳು ಈಗಲೂ ಅಭ್ಯಾಸಕ್ಕೆ ಹೋಗುತ್ತಿದ್ದಾಳೆ.

ಮಹನೀಯರೆ, ಆ ರಾತ್ರಿ ನನಗೆ ನನ್ನ ತರಗತಿಯ ನೆನಪಾಯಿತು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮತ್ತೊಂದು ನುಡಿ — ಈ ಗಡಿನಾಡಿನ ಮಗು ಓದುತ್ತ ಓದುತ್ತ ಒಂದೆಡೆ ತಡೆದು ನಿಲ್ಲುತ್ತದೆ. ನಾವು ತಟ್ಟನೆ ‘ದಡ್ಡ’ ಎಂದುಬಿಡುತ್ತೇವೆ. ಯಾವ ಪಾಠದಲ್ಲಿ ನಿಂತಿತು, ಯಾವ ಪದದಲ್ಲಿ ನಿಂತಿತು, ಹಸಿದು ಬಂದಿತ್ತೆ ಎಂದು ಎಷ್ಟು ಮಂದಿ ಬರೆದಿಟ್ಟಿದ್ದೇವೆ? ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನೂ ಎಷ್ಟೋ ಸಲ ಇಕ್ಕುಳವನ್ನೇ ಮೊದಲು ಹಿಡಿದವನು ಎಂದು ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇನೆ.

ಯಂತ್ರ ನಿಂತರೂ ಮಗು ನಿಂತರೂ ಮೊದಲು ಕೈ ತಡೆಯೋಣ. ಆಮೇಲೆ ಕಣ್ಣಿಟ್ಟು ನೋಡೋಣ.