‘ಇಲ್ಲ’ ಅನ್ನೋಕೆ ಜಪಾನಿಯಲ್ಲಿ ನಾಲ್ಕು ಅಕ್ಷರ

ಜಪಾನಿ ಕ್ಲೈಂಟ್ ಜೊತೆ ಕೆಲಸ ಮಾಡೋರು ನಮ್ಮಲ್ಲಿ ಸುಮಾರು ಜನ ಇದ್ದೀರಿ. ಅವರ ಶೀಟ್‌ಗಳಲ್ಲಿ ಪದೇ ಪದೇ ಕಾಣೋ ನಾಲ್ಕು ಅಕ್ಷರ ಇವತ್ತಿನ ವಿಷಯ: ಮು, ಫು, ಹಿ, ಮಿ. ನಾಲ್ಕೂ ಚೀನಾದಿಂದ ಬಂದವು. ಪದದ ಮುಂದೆ ಕೂತು ‘ಇಲ್ಲ’ ಅನ್ನುತ್ತವೆ. ಆದರೆ ಒಂದೊಂದರ ‘ಇಲ್ಲ’ ಬೇರೆ.

‘ಮು’ ಅಂದರೆ ಆ ವಸ್ತುವೇ ಇಲ್ಲ. ರ್ಯೋ ಅಂದರೆ ಶುಲ್ಕ, ಮುರ್ಯೋ ಅಂದರೆ ಉಚಿತ. ಸಿನಿಮಾ ನಿರ್ದೇಶಕ ಯಸುಜಿರೋ ಓಜು 1963ರಲ್ಲಿ ತೀರಿಕೊಂಡರು. ಕಾಮಾಕುರಾದಲ್ಲಿರೋ ಅವರ ಸಮಾಧಿಕಲ್ಲಿನ ಮುಂಭಾಗದಲ್ಲಿ ಹೆಸರಿಲ್ಲ, ‘ಮು’ ಅಷ್ಟೇ ಇದೆ.

‘ಫು’ ಒಂದು ಸ್ಥಿತಿ ಅಥವಾ ಗುಣ ಇಲ್ಲ ಅನ್ನುತ್ತೆ. ಫುಬೆನ್ ಅಂದರೆ ಅನನುಕೂಲ. ಫುಜೈ ಅಂದರೆ ಆಸಾಮಿ ಸ್ಥಳದಲ್ಲಿಲ್ಲ. ನೀವು ಮನೇಲಿ ಇಲ್ಲದಾಗ ಕೊರಿಯರ್‌ನವರು ಬಿಟ್ಟು ಹೋಗೋ ಚೀಟಿಗೂ ಅದೇ ಹೆಸರು, ಫುಜೈಹ್ಯೋ.

‘ಹಿ’ ನಮ್ಮ ‘ಅಲ್ಲ’. ಹಿಜೋ ಅಂದರೆ ಮಾಮೂಲಿ ಅಲ್ಲದ್ದು. ಹಿಜೋಗುಚಿ ತುರ್ತು ಬಾಗಿಲು. ಹಿಂದಿಯಲ್ಲಿ ಎರಡಕ್ಕೂ ‘ನಹೀ’ ಒಂದೇ. ಅಲ್ಲ, ಇಲ್ಲ ಎರಡೂ ಇರೋ ಕನ್ನಡದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತೆ.

ನನಗೆ ತುಂಬಾ ಇಷ್ಟ ಆಗೋದು ‘ಮಿ’. ಅಂದರೆ ‘ಇನ್ನೂ ಇಲ್ಲ’. ಮಿದೋಕು, ಇನ್ನೂ ಓದದ ಮೆಸೇಜ್. ಮಿತೇಯ್, ಇನ್ನೂ ತೀರ್ಮಾನ ಆಗಿಲ್ಲ. ಮಿರಾಯ್, ಇನ್ನೂ ಬಂದಿಲ್ಲದ್ದು, ಅಂದರೆ ಭವಿಷ್ಯ! ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಅನಾಗತ’ಕ್ಕೆ ಬಳಸಿದ್ದು ಇದೇ ಜೋಡಿ ಅಕ್ಷರ.

ಈಗ ನಮ್ಮ ಡೇಟಾಬೇಸ್‌ಗೆ ಬನ್ನಿ. ಸಂಗಾತಿಯ ಹೆಸರು ಅನ್ನೋ ಕಾಲಂನಲ್ಲಿ ನಲ್ ಇದೆ. ಏನರ್ಥ? ಜಪಾನಿ ಫಾರಂನಲ್ಲಿ ಇದಕ್ಕೆ ಬೇರೆ ಬೇರೆ ಪದ ಇವೆ. ಮಿಕಿನ್ಯೂ: ಇನ್ನೂ ತುಂಬಿಲ್ಲ, ಮತ್ತೆ ಕೇಳಿ. ಫುಮೇಯ್: ತಿಳಿದಿಲ್ಲ, ಬೇರೆ ಕಡೆ ವಿಚಾರಿಸಿ. ಗಾಯ್ತೋ ನಾಶಿ: ಅನ್ವಯಿಸಲ್ಲ, ಕೇಳಲೇಬೇಡಿ. ಮುಂದಿನ ಕೆಲಸ ಯಾವುದು ಅನ್ನೋದು ಯಾವ ‘ಇಲ್ಲ’ ಅನ್ನೋದರ ಮೇಲಿದೆ. ನಲ್ ಒಂದನ್ನೇ ಇಟ್ಟರೆ ಆ ಮಾಹಿತಿ ಅಲ್ಲೇ ಕಳೆದುಹೋಯ್ತು.

ಕೋಡ್ ಬಿಟ್ಟು ಮನೆಗೆ ಬಂದರೂ ಇದೇ ಪ್ರಶ್ನೆ. ಪುಣೆ, ಹೈದರಾಬಾದ್‌ನಲ್ಲಿ ಬೆಳೀತಿರೋ ನಮ್ಮ ಮಕ್ಕಳ ಬಗ್ಗೆ ನೆಂಟರ ಮುಂದೆ ಏನಂತೀವಿ? ‘ಅವಳಿಗೆ ಕನ್ನಡ ಓದೋಕೆ ಬರಲ್ಲ.’ ಮಗು ಪಕ್ಕದಲ್ಲೇ ಕೂತು ಕೇಳಿಸಿಕೊಳ್ತಿರುತ್ತೆ. ಹಾಗೆ ಹೇಳಿದ ಮೇಲೆ ಮಾಡೋಕೆ ಏನೂ ಉಳಿಯಲ್ಲ. ‘ಇನ್ನೂ ಬಂದಿಲ್ಲ’ ಅಂತ ಹೇಳಿ ನೋಡಿ. ಆಗ ಅದು ಬಾಕಿ ಇರೋ ಕೆಲಸ, ಈ ಭಾನುವಾರವೇ ಅ, ಆ ಶುರು ಮಾಡಬಹುದು.