ಇಂಗ್ಲಿಷಿನ ಸಣ್ಣ ಬೈಗುಳಗಳು



ರಾಜ್ಯೋತ್ಸವದ ಶುಭದಿನ ಬೈಗುಳದ ಪುರಾಣವೇ ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಈ ಫತೇಗಂಜಿನಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ‘ಡ್ಯಾಮ್’, ‘ಹೆಲ್’, ‘ಬ್ಲಡಿ’ ಎಂಬ ಮಾತುಗಳು ಊಟದ ಉಪ್ಪಿನಕಾಯಿಯಂತೆ ಬರುತ್ತಿವೆ. ಇವುಗಳ ಅರ್ಥವೇನು, ತೂಕವೆಷ್ಟು ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

‘ಹೆಲ್’ ಎಂದರೆ ನರಕ. ‘ಡ್ಯಾಮ್’ ಎಂಬುದು ಮೂಲದಲ್ಲಿ ಆ ನರಕಕ್ಕೆ ಬೀಳೆಂಬ ಶಾಪ. ಶಾಪಕ್ಕೆ ಅಂಜಿದವರು ಅದನ್ನು ‘ಡಾರ್ನ್’ ಎಂದು ತಿರುಚಿದರು. ದೇವರ ಹೆಸರೆತ್ತಲು ಅಂಜಿದವರು ‘ಗಾಡ್’ ಎಂಬುದನ್ನು ‘ಗಾಷ್’ ಎಂದು ಮರೆಮಾಚಿದರು. 1606ರಲ್ಲಿ ಇಂಗ್ಲೆಂಡಿನ ಕಾನೂನು, ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಬಳಸಿದವರಿಗೆ 10 ಪೌಂಡು ದಂಡ ವಿಧಿಸಿತ್ತು!

‘ಬ್ಲಡಿ’ಯ ಕಥೆ ಇನ್ನೂ ಸ್ವಾರಸ್ಯವಾದುದು. 1914ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕವಾಯಿತು. ಹೂ ಮಾರುವ ಹುಡುಗಿ ಎಲೈಜಾ ಶ್ರೀಮಂತರ ಉಚ್ಚಾರಣೆ ಕಲಿತು, ಅವರ ಮನೆಯಲ್ಲೇ ಈ ಮಾತಾಡಿಬಿಡುತ್ತಾಳೆ. ಊರೆಲ್ಲ ಗುಲ್ಲೆದ್ದಿತು. ಇಂದು ಆಸ್ಟ್ರೇಲಿಯಾದ ಗೆಳೆಯರಲ್ಲಿ ಅದು ‘ಬಹಳ’ ಎಂಬುದಕ್ಕಿಂತ ಹೆಚ್ಚೇನಲ್ಲ.

ಹಾಗಾದರೆ ತೂಕವೆಲ್ಲಿದೆ? ಕೇಳುವವರ ಕಿವಿಯಲ್ಲಿ. ವಾರಸುದಾರರಿಲ್ಲದ ಎಂಬರ್ಥದ ಪಾರಸಿ ಮಾತು ಕನ್ನಡದಲ್ಲಿ ‘ಬೇವಾರ್ಸಿ’ಯಾಗಿ ಜಗಳ ಹಚ್ಚುತ್ತದೆ. ಅದರ ಸೋದರ ಪದ ‘ಬಿನವಾರಸಿ’ ಇಲ್ಲಿಯ ಗುಜರಾತಿ ಪತ್ರಿಕೆಗಳಲ್ಲಿ, ಒಡೆಯನಿಲ್ಲದೆ ಸಿಕ್ಕ ಪೆಟ್ಟಿಗೆಗೋ ವಾಹನಕ್ಕೋ ವಿಶೇಷಣವಾಗಿ ತಣ್ಣಗೆ ಅಚ್ಚಾಗುತ್ತದೆ!

ಪರಭಾಷೆಯ ಬೈಗುಳ ಕಲಿತವನ ನಾಲಗೆಗೆ ಹಗುರ. ಅದರಿಂದ ಅವನೆಂದೂ ನೊಂದವನಲ್ಲವಷ್ಟೆ. ಪೆನ್ನು ಕೆಟ್ಟಾಗ ಗೆಳೆಯರ ನಡುವೆ ‘ಡ್ಯಾಮ್’ ಎಂದರೆ ಆಕಾಶ ಬೀಳದು. ಆದರೆ ಗುರುಹಿರಿಯರೆದುರು ಆಡುವುದು, ಅಥವಾ ಒಬ್ಬ ಮನುಷ್ಯನನ್ನೇ ಗುರಿಯಿಟ್ಟು ‘ಬ್ಲಡಿ’ ಎನ್ನುವುದು ತರವಲ್ಲ. ಮಕ್ಕಳಿಗೆ ಏಟು ಕೊಡುವುದಕ್ಕಿಂತ ಈ ಭೇದವನ್ನು ತಿಳಿಸುವುದು ಮೇಲು.

ಇನ್ನೊಂದು ಮಾತು. ‘ಹಾಳಾದವನೆ, ಉಂಡು ಹೋಗೊ’ ಎಂದು ಅಜ್ಜಿ ಕೂಗಿದರೆ ಅದರೊಳಗಿನ ಅಕ್ಕರೆ ನಮಗೆ ತಿಳಿಯುತ್ತದೆ. ಇಲ್ಲಿಯೇ ಹುಟ್ಟಿದ ಮೊಮ್ಮಗನಿಗೆ ತಿಳಿಯುವುದೆ? ಶಾಪವೆಂದೇ ಎಣಿಸಿ ಅವನು ಮುಖ ತಿರುಗಿಸಿದರೆ ತಪ್ಪು ಯಾರದು? ಇಂಥ ಅಕ್ಕರೆಯನ್ನು ಯಾವ ನಿಘಂಟೂ ಕಲಿಸದು. ಅದಕ್ಕಾಗಿಯಾದರೂ ಮನೆಯಲ್ಲಿ ಕನ್ನಡವನ್ನೇ ಆಡೋಣ, ಬೈಯುವಾಗಲೂ ಸಹ.